ರೇಸ್ ಬಿಟ್ಟರೆ ಆಫ್

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸ್ಪ್ಲೆಂಡರ್‌ಗೆ ಒಂದು ವಿಚಿತ್ರ ಕಾಯಿಲೆ ಹತ್ತಿಕೊಂಡಿತು. ಓಡುವಷ್ಟು ಹೊತ್ತು ಆರೋಗ್ಯ, ನಿಂತರೆ ಅನಾರೋಗ್ಯ. ರಿಟೈರಾದ ಮಾರನೆಯ ದಿನವೇ ಮಂಡಿನೋವು ಶುರುವಾಗುವ ಗಂಡಸರಿದ್ದಾರಲ್ಲ, ಆ ಜಾತಿಯದು. ರಿಂಗ್ ರೋಡಿನಲ್ಲಿ ಐವತ್ತು ಅರವತ್ತರಲ್ಲಿ ಹೋಗುವಾಗ ಒಂದು ಕೊಂಕಿಲ್ಲ. ರಾಮಸ್ವಾಮಿ ಸರ್ಕಲ್ಲಿಗೆ ಬಂದು ಸಿಗ್ನಲ್ಲಿನಲ್ಲಿ ರೇಸ್ ಬಿಟ್ಟೆನೋ, ಡುಗುಡುಗುಡುಗು ಅನ್ನಬೇಕಾದದ್ದು ಡುಗುಡುಗು, ಡುಗ್, ಎಂದು ಯೋಚನೆಗೆ ಬಿದ್ದು, ಒಮ್ಮೆ ಮೈ ಕೊಡವಿಕೊಂಡು, ಇನ್ನೊಂದು ಡುಗು ಅಂದು ಗೊಟಕ್ ಎನ್ನುತ್ತಿತ್ತು. ಅದೂ ಹಸಿರು ದೀಪ ಹತ್ತುವುದಕ್ಕೆ ಸರಿಯಾಗಿ. ನಾನು ಕಿಕ್ಕರ್ ಒದೆಯುತ್ತಿದ್ದರೆ ಹಿಂದಿನ ಸಿಟಿ ಬಸ್ಸಿನವನು ಹಾರ್ನಿನ ಮೇಲೆ ಇಟ್ಟ ಕೈಯನ್ನು ಅಲ್ಲೇ ಮರೆತುಬಿಡುತ್ತಿದ್ದ.

ಇದಕ್ಕೆ ಗ್ಯಾರೇಜಿನವರ ಭಾಷೆಯಲ್ಲಿ ‘ಸ್ಲೋ ನಿಲ್ತಿಲ್ಲ’ ಎನ್ನುತ್ತಾರೆ. ನನ್ನ ಹೆಂಡತಿಯ ಭಾಷೆಯಲ್ಲಿ, ‘ನಿಮ್ಮ ಗಾಡಿ ಅಲ್ವಾ ರೀ, ಇನ್ನು ಹೇಗಿರುತ್ತೆ.’

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಮೇಷ್ಟ್ರು. ದ್ರವಗಳ ಪಾಠ ಬಂದಾಗ ಒಂದು ಕಾಗದದ ಪಟ್ಟಿಯನ್ನು ತುಟಿಯ ಕೆಳಗೆ ಹಿಡಿದು ಅದರ ಮೇಲೆ ಉಫ್ ಎಂದು ಊದುತ್ತೇನೆ. ಜೋತು ಬಿದ್ದಿದ್ದ ಪಟ್ಟಿ ಮೇಲೇಳುತ್ತದೆ. ಹುಡುಗಿಯರು ನಗುತ್ತಾರೆ, ಹುಡುಗರು ತಾವೂ ಊದಿ ನೋಡುತ್ತಾರೆ. ಆಗ ನಾನು ಬೋರ್ಡಿನ ಕಡೆ ತಿರುಗಿ, 1738ರಲ್ಲಿ ಡೇನಿಯಲ್ ಬರ್ನೌಲಿ ಪ್ರಕಟಿಸಿದ ಪುಸ್ತಕದಿಂದ ಆರಂಭಿಸಿ, ಹರಿವಿನ ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ, ಕೊಳವೆಯ ಸೊಂಟ ಸಣ್ಣಗಾದಲ್ಲಿ ವೇಗ ಹೆಚ್ಚುತ್ತದೆ, ಆ ಸೊಂಟಕ್ಕೆ ವೆಂಚುರಿ ಎಂಬ ಇಟಲಿಯವನ ಹೆಸರು, ಅಲ್ಲಿಗೆ ಪೆಟ್ರೋಲ್ ತಾನಾಗಿ ಎದ್ದು ಬರುತ್ತದೆ, ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಹದಿನಾಲ್ಕೂ ಮುಕ್ಕಾಲು ಪಾಲಿನಷ್ಟು ಗಾಳಿ ಬೆರೆಯುತ್ತದೆ, ಇದೇ ನಿಮ್ಮಪ್ಪನ ಗಾಡಿಯ ಕಾರ್ಬುರೇಟರ್ ಎಂದು ಮುಗಿಸುತ್ತೇನೆ. ಹದಿನೆಂಟು ವರ್ಷದಿಂದ ಹೇಳುತ್ತಿದ್ದೇನೆ. ‘ಸಾರ್, ನೀವು ಯಾವತ್ತಾದ್ರೂ ಒಂದನ್ನ ಬಿಚ್ಚಿ ನೋಡಿದ್ದೀರಾ?’ ಎಂದು ಒಬ್ಬನೂ ಕೇಳಿಲ್ಲ. ಇನ್ನು ಕೇಳುವುದೂ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಹೊಸ ಗಾಡಿಗಳಲ್ಲಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸ ಕಂಪ್ಯೂಟರಿನದಾಗಿದೆ. ನನ್ನದು 2006ರ ಗಾಡಿ. 97.2 ಸಿಸಿ, ಒಂದೇ ಸಿಲಿಂಡರು, ಒಂದು ಕಾರ್ಬುರೇಟರು, ಒಬ್ಬ ಮಾಲೀಕ.

ಮೊದಲು ಹೇಡಿಗಳೆಲ್ಲ ಮಾಡುವ ಚಿಕಿತ್ಸೆಯನ್ನೇ ಮಾಡಿದೆ. ಕಾರ್ಬುರೇಟರಿನ ಪಕ್ಕದಲ್ಲಿ ಸ್ಲೋ ಏರಿಸುವ ಸ್ಕ್ರೂ ಒಂದಿರುತ್ತದೆ. ಒಳಗೆ ತಿರುಗಿಸಿದರೆ ಇಂಜಿನ್ನಿನ ಸ್ಲೋ ಏರುತ್ತದೆ. ನಿಲ್ಲದ ಗಾಡಿ ನಿಲ್ಲುತ್ತದೆ. ಒಂದು ಸುತ್ತು ತಿರುಗಿಸಿದೆ, ಎರಡು ದಿನ ಚೆನ್ನಾಗಿತ್ತು. ಇನ್ನೊಂದು ಸುತ್ತು, ಇನ್ನೆರಡು ದಿನ. ವಾರ ಕಳೆಯುವಷ್ಟರಲ್ಲಿ ಸಿಗ್ನಲ್ಲಿನಲ್ಲಿ ನಿಂತ ನನ್ನ ಗಾಡಿ ರೇಸಿಗೆ ಬಂದ ಗಾಡಿಯ ಹಾಗೆ ಬೊಬ್ಬಿರಿಯುತ್ತಿತ್ತು. ಪಕ್ಕದ ಆಟೋದವನು, ‘ಏನ್ ಸಾರ್, ಅಷ್ಟೊಂದು ಅರ್ಜೆಂಟಾ?’ ಎಂದು ಕೇಳಿದ. ಗೇರ್ ಹಾಕಿದರೆ ಟಕ್ ಎಂದು ಬೆನ್ನಿಗೆ ಗುದ್ದು. ಹಿಂದೆ ಕೂತ ಹೆಂಡತಿಯ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಬಡಿದು ನಮ್ಮಿಬ್ಬರ ನಡುವೆ ಆ ವಾರ ನಡೆದ ಸಂಭಾಷಣೆ ಬಹುಪಾಲು ಅಷ್ಟೇ.

ಸ್ಟಾಫ್ ರೂಮಿನಲ್ಲಿ ವಿಚಾರಿಸಿದೆ. ಕನ್ನಡ ಮೇಷ್ಟ್ರು ಪ್ಲಗ್ ಅಂದರು. ಕೆಮಿಸ್ಟ್ರಿಯವರು ಪೆಟ್ರೋಲಿನಲ್ಲಿ ನೀರು ಅಂದರು. ಅಟೆಂಡರು ಬಾಗಿಲಲ್ಲೇ ನಿಂತು, ‘ಟ್ಯಾಪೆಟ್ ಸಾರ್, ಬೇಕಾದ್ರೆ ಬರೆದಿಟ್ಕೊಳ್ಳಿ’ ಎಂದ. ಪ್ಲಗ್ ಬದಲಾಯಿಸಿದೆ. ಕಾರ್ಬುರೇಟರಿನ ಅಡಿಯ ತೊಟ್ಟಿಯ ಸ್ಕ್ರೂ ಸಡಿಲಿಸಿ ಹಳೆ ಪೆಟ್ರೋಲ್ ಬಸಿದೆ. ಟ್ಯಾಪೆಟ್ಟನ್ನು ಮಾತ್ರ ಹೆದರಿ ಬಿಟ್ಟೆ. ಆ ಸಂದಿನ ಅಳತೆ 0.05 ಮಿಲಿಮೀಟರು. ನನ್ನ ಕನ್ನಡಕದ ನಂಬರಿಗೆ ಅದು ಹೊಂದುವ ಅಳತೆಯಲ್ಲ. ಮೂರು ಸಲಹೆಯಿಂದಲೂ ಗಾಡಿಗೆ ಏನೂ ಆಗಲಿಲ್ಲ, ಒಳ್ಳೆಯದೂ ಕೆಟ್ಟದ್ದೂ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ.

ಗ್ಯಾರೇಜಿಗೆ ಕೊಡಬಹುದಿತ್ತು. ಆದರೆ ದಸರಾಕ್ಕೆ ಮುಂಚಿನ ವಾರ ಮೈಸೂರಿನ ಗ್ಯಾರೇಜಿಗೆ ಗಾಡಿ ಕೊಡುವುದೂ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಿ ಆರಾಮಾಗಿ ದರ್ಶನ ಮಾಡಿಬರುತ್ತೇನೆ ಅನ್ನುವುದೂ ಒಂದೇ. ಆಯುಧಪೂಜೆಗೆ ಎಲ್ಲರ ಗಾಡಿಯೂ ಒಂದೇ ಸಲ ರೆಡಿಯಾಗಬೇಕು. ಜೊತೆಗೆ ಒಳಗೊಳಗೆ ಒಂದು ಅಹಂಕಾರ. ಬರ್ನೌಲಿಯನ್ನು ಹದಿನೆಂಟು ವರ್ಷ ಸಾಕಿದವನು ನಾನು. ಅಂಗೈಯಗಲದ ಒಂದು ಲೋಹದ ಡಬ್ಬಿಗೆ ಹೆದರುವುದೇ?

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ, ಊಟವಾದ ಮೇಲೆ, ವರಾಂಡದಲ್ಲಿ ಹಳೆಯ ಪೇಪರ್ ಹರವಿ ಕೂತೆ. ಒಳಗೆ ಹಾಲಿನಲ್ಲಿ ಅಮ್ಮ, ಹೆಂಡತಿ, ಏಳು ವರ್ಷದ ಮಗಳು ಮೂವರೂ ಇನ್ನೊಂದಷ್ಟು ಪೇಪರ್ ಹರವಿ ಕೂತಿದ್ದರು. ಅಟ್ಟದಿಂದ ಗೊಂಬೆಗಳ ಪೆಟ್ಟಿಗೆ ಇಳಿದಿತ್ತು. ಮಾರನೆಯ ದಿನ ಪಾಡ್ಯ, ಬೆಳಗ್ಗೆ ಗೊಂಬೆ ಕೂರಿಸಬೇಕು. ಅತ್ತ ಹತ್ತಿಯಿಂದ ಬಿಡಿಸಿಕೊಂಡು ಶೆಟ್ಟರು, ಶೆಟ್ಟಮ್ಮ, ದಶಾವತಾರ, ಬ್ಯಾಂಡ್ ಸೆಟ್ಟಿನವರು ಒಬ್ಬೊಬ್ಬರಾಗಿ ಬರುತ್ತಿದ್ದರು. ಇತ್ತ ನನ್ನ ಪೇಪರಿನ ಮೇಲೆ ಪೈಪು, ಕ್ಲಿಪ್ಪು, ನಟ್ಟುಗಳು.

‘ಅಮಾವಾಸ್ಯೆ ದಿನ ಕಬ್ಬಿಣ ಬಿಚ್ಚಬಾರದು ಕಣೋ’ ಎಂದರು ಅಮ್ಮ ಒಳಗಿನಿಂದ.

‘ಇದು ಕಬ್ಬಿಣ ಅಲ್ಲಮ್ಮ, ಮಿಶ್ರಲೋಹ.’

‘ಅದನ್ನೂ ಬಿಚ್ಚಬಾರದು.’

ಆದರೂ ಬಿಚ್ಚಿದೆ. ಇಂಜಿನ್ನಿಗೆ ಹಿಡಿದಿದ್ದ ಎರಡು ಬೋಲ್ಟು ಕಳಚಿದಾಗ ಕಾರ್ಬುರೇಟರು ಕೈಗೆ ಬಂತು. ಅದನ್ನು ಅಂಗೈಯಲ್ಲಿ ಹಿಡಿದಾಗ ನನಗಾದ ಸಂತೋಷವನ್ನು ಹೇಳಲೇಬೇಕು. ಹದಿನೆಂಟು ವರ್ಷ ಬೋರ್ಡಿನ ಮೇಲೆ ಎರಡು ಬಾಗಿದ ಗೆರೆಯಾಗಿದ್ದ ವೆಂಚುರಿ ಇಲ್ಲಿ ನಿಜವಾಗಿ ಒಂದು ತೂತಾಗಿ ಕೂತಿತ್ತು. ಒಂದು ಕಣ್ಣು ಮುಚ್ಚಿ ಅದರೊಳಗಿಂದ ಮಗಳನ್ನು ನೋಡಿದೆ. ಅವಳೂ ಒಂದು ಕಣ್ಣು ಮುಚ್ಚಿ ಆ ಕಡೆಯಿಂದ ನನ್ನನ್ನು ನೋಡಿದಳು. ‘ನೋಡು ಪುಟ್ಟೀ, ಇಲ್ಲಿ ಗಾಳಿ ಓಡುತ್ತೆ, ಓಡಿದಾಗ ಒತ್ತಡ ಕಡಿಮೆ ಆಗುತ್ತೆ...’ ಎಂದು ಆರಂಭಿಸಿದೆ. ಅವಳು ಎದ್ದು ಗೊಂಬೆಗಳ ಕಡೆ ಹೋದಳು. ಫಸ್ಟ್ ಪಿಯುಸಿಯವರಿಗೆ ಆ ಸೌಲಭ್ಯವಿಲ್ಲ.

ಅಡಿಯ ತೊಟ್ಟಿ ಬಿಚ್ಚಿದರೆ ಒಳಗೆ ಬಿಳಿಯ ಫ್ಲೋಟು. ನಮ್ಮ ಕಕ್ಕಸಿನ ಸಿಸ್ಟರ್ನಿನಲ್ಲಿ ನೀರು ತುಂಬಿದ ಕೂಡಲೇ ತೇಲಿ ನಲ್ಲಿ ಮುಚ್ಚುವ ಚೆಂಡಿದೆಯಲ್ಲ, ಇದು ಅದರ ಪೆಟ್ರೋಲ್ ಅವತಾರ. ತೊಟ್ಟಿಯ ತಳದಲ್ಲಿ ಚಹಾದ ಗಸಿಯಂಥ ಮಡ್ಡಿ. ಮೇಲೆ ಎರಡು ಹಿತ್ತಾಳೆಯ ಜೆಟ್ಟುಗಳು. ದೊಡ್ಡದು ಓಟಕ್ಕೆ, ಚಿಕ್ಕದು ಸ್ಲೋಗೆ. ಚಿಕ್ಕದನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಅದರ ತೂತು ಅರ್ಧ ಮಿಲಿಮೀಟರೂ ಇಲ್ಲ. ಬೆಳಕು ಕಾಣಿಸಲಿಲ್ಲ. ಸಿಕ್ಕಿಬಿದ್ದೆಯಾ ಕಳ್ಳಾ ಎಂದುಕೊಂಡೆ. ಬಾಯಿಂದ ಊದಿದೆ, ಪೆಟ್ರೋಲಿನ ರುಚಿ ಮಾತ್ರ ಸಿಕ್ಕಿತು. ಒಳಗೆ ಹೋಗಿ ಹೆಂಡತಿಯ ಸೆರಗಿನ ಪಿನ್ನು ತಂದೆ. ಚುಚ್ಚಿದೆ. ಹೋಗಲಿಲ್ಲ. ತಿರುಚಿ ತಿರುಚಿ ಚುಚ್ಚಿದೆ. ಕರ್ ಎಂದು ಒಂದು ಸಣ್ಣ ಸದ್ದಾಗಿ ಪಿನ್ನು ಆಚೆ ಬಂತು. ಬೆಳಕು ಕಂಡಿತು. ಆ ಕರ್ ಅನ್ನುವುದು ಮಡ್ಡಿಯ ಸದ್ದಲ್ಲ, ಹಿತ್ತಾಳೆಯದು ಎಂದು ನನಗೆ ತಿಳಿಯಲು ಇನ್ನೂ ಎಂಟು ದಿನವಿತ್ತು.

ಇದರ ಜೊತೆಗೆ ಪಕ್ಕದಲ್ಲಿ ಏರ್ ಸ್ಕ್ರೂ ಎಂಬ ಇನ್ನೊಂದು ಇದೆ. ಅದನ್ನು ಬಿಚ್ಚುವ ಮುಂಚೆ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ಕೂತಿತು ಎಂದು ಎಣಿಸಿಕೊಳ್ಳಬೇಕು, ಮತ್ತೆ ಹಾಕುವಾಗ ಅಷ್ಟೇ ಸುತ್ತು ಹೊರಗೆ ತರಬೇಕು. ಎಣಿಸಿದೆ. ಒಂದು, ಒಂದೂಕಾಲು, ಒಂದೂವರೆ... ಅಷ್ಟರಲ್ಲಿ ಗೇಟಿನ ಹತ್ತಿರ ಹೂವಿನವಳು, ‘ಸಾವಂತಿಗೆ ಮಾರು ಎಷ್ಟ್ ಬೇಕು ಸ್ವಾಮಿ?’ ಎಂದು ಕೂಗಿದಳು. ಒಳಗೆ ಕೇಳಿ, ‘ಎರಡೂವರೆ’ ಎಂದು ಕೂಗಿದೆ. ಸ್ಕ್ರೂ ಎಷ್ಟು ಸುತ್ತಿತ್ತು ಎಂಬುದರ ಜಾಗದಲ್ಲಿ ಇವತ್ತಿಗೂ ನನ್ನ ತಲೆಯಲ್ಲಿ ಎರಡೂವರೆ ಮಾರು ಸೇವಂತಿಗೆ ಇದೆ.

ಸಾಯಂಕಾಲದ ಹೊತ್ತಿಗೆ ಎಲ್ಲ ತೊಳೆದು ಒರೆಸಿ ಮತ್ತೆ ಜೋಡಿಸಿದೆ. ಪೇಪರಿನ ಮೇಲೆ ಒಂದು ಸಾಮಾನೂ ಉಳಿಯಲಿಲ್ಲ. ಮೊದಲ ಸಲ ಗಡಿಯಾರ ಬಿಚ್ಚಿದವನಿಗೂ ಮೊದಲ ಸಲ ಮಿಕ್ಸಿ ಬಿಚ್ಚಿದವನಿಗೂ ಈ ಭಾಗ್ಯ ಸಿಕ್ಕಿರುವುದಿಲ್ಲ. ನನಗೆ ಸಿಕ್ಕಿತು. ಏಕೆ ಉಳಿಯಲಿಲ್ಲ ಎಂದು ಅನುಮಾನಪಡಬೇಕಾಗಿತ್ತು. ಹೆಮ್ಮೆಪಟ್ಟೆ.

ಕಿಕ್ಕರ್ ಒದ್ದೆ. ಮೊದಲ ಒದೆತಕ್ಕೇ ಸ್ಟಾರ್ಟು. ಮತ್ತು ಆ ಕ್ಷಣದಲ್ಲೇ ಗಾಡಿ ಕಿರುಚಲು ಶುರುಮಾಡಿತು. ರೇಸ್ ಕೊಟ್ಟಿಲ್ಲ, ಕೈ ಹ್ಯಾಂಡಲ್ಲಿನ ಮೇಲೇ ಇಲ್ಲ. ಆದರೂ ಫುಲ್ ರೇಸಿನಲ್ಲಿ ಅದು ಹೂಂಕರಿಸುತ್ತಾ ಸ್ಟ್ಯಾಂಡಿನ ಮೇಲೇ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಯತೊಡಗಿತು. ಬೀದಿಯ ನಾಯಿಗಳು ಒಟ್ಟಾದವು. ಎದುರುಮನೆಯ ಬಾಗಿಲು ತೆರೆಯಿತು. ಬುದ್ಧಿ ಇರುವವನು ಕೀ ತಿರುಗಿಸುತ್ತಾನೆ. ನಾನು ಬಗ್ಗಿ ಪೆಟ್ರೋಲ್ ಕಾಕ್ ತಿರುಗಿಸಿ ಆಫ್ ಮಾಡಿದೆ. ಅದು ನಿಲ್ಲಲಿಲ್ಲ. ಕಾಕ್ ಮುಚ್ಚಿದರೂ ತೊಟ್ಟಿಯಲ್ಲಿ ಒಂದು ಬಟ್ಟಲು ಪೆಟ್ರೋಲು ಉಳಿದಿರುತ್ತದೆ, ಅದು ಮುಗಿಯುವ ತನಕ ಇಂಜಿನ್ನಿಗೆ ಸುದ್ದಿ ಮುಟ್ಟುವುದಿಲ್ಲ. ಈ ತತ್ವವನ್ನು ನಾನು ಆ ಬೊಬ್ಬೆಯ ನಡುವೆ ನಿಂತು ಮನಸ್ಸಿನಲ್ಲೇ ವಿವರಿಸಿಕೊಳ್ಳುತ್ತಿದ್ದಾಗ ಹೆಂಡತಿ ಒಂದು ಕೈಯಲ್ಲಿ ಶೆಟ್ಟಮ್ಮನನ್ನು ಹಿಡಿದುಕೊಂಡೇ ಬಂದು ಇನ್ನೊಂದು ಕೈಯಿಂದ ಕೀ ತಿರುಗಿಸಿ ಒಳಗೆ ಹೋದಳು.

ಸ್ಲೈಡು ಹಿಂದುಮುಂದಾಗಿತ್ತು. ರೇಸ್ ಕೇಬಲ್ಲಿನ ತುದಿಯಲ್ಲಿ ಮೇಲೆ ಕೆಳಗೆ ಆಡುವ ಕೊಳವೆಯಂಥ ಬಾಗಿಲು ಅದು. ಅದರ ಮೈಯಲ್ಲಿರುವ ಸೀಳಿಗೆ ಸರಿಯಾಗಿ ಕೂರಿಸದಿದ್ದರೆ ಕೆಳಗಿಳಿಯದೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ತಿರುಗಿಸಿ ಕೂರಿಸಿದೆ. ಕಿರುಚಾಟ ನಿಂತಿತು. ಸ್ಲೋ ಬಂತು. ಬಂದು, ಮೊದಲಿಗಿಂತ ಕೆಟ್ಟದಾಗಿ ಮೂರು ಸಲ ಕೆಮ್ಮಿ ಗೊಟಕ್ ಎಂದಿತು.

ಮುಂದಿನ ಒಂದು ವಾರ ನಾನು ಬದುಕಿದ್ದು ಎರಡು ಸ್ಕ್ರೂಗಳ ನಡುವೆ. ಬೆಳಗ್ಗೆ ಹಲ್ಲುಜ್ಜುವ ಮುಂಚೆ ಏರ್ ಸ್ಕ್ರೂ ಕಾಲು ಸುತ್ತು ಒಳಗೆ, ಕಾಲೇಜಿನಿಂದ ಬಂದ ಮೇಲೆ ಅರ್ಧ ಸುತ್ತು ಹೊರಗೆ. ಒಂದು ದಿನ ಶಾಸ್ತ್ರೋಕ್ತವಾಗಿಯೇ ಮಾಡೋಣವೆಂದು ವಾಚು ಹಿಡಿದು ಕೂತೆ. ಈ ಗಾಡಿಯ ಸ್ಲೋ ನಿಮಿಷಕ್ಕೆ 1400 ಸುತ್ತು ಇರಬೇಕು. ನಾಲ್ಕು ಸ್ಟ್ರೋಕಿನ ಇಂಜಿನ್ನಾದ್ದರಿಂದ ಎರಡು ಸುತ್ತಿಗೊಂದು ಸಿಡಿತ, ಅಂದರೆ ನಿಮಿಷಕ್ಕೆ 700, ಸೆಕೆಂಡಿಗೆ ಹೆಚ್ಚುಕಡಿಮೆ 12. ಎಣಿಸಬಲ್ಲೆ ಎಂದುಕೊಂಡೆ. ಸೈಲೆನ್ಸರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದಾಗ ಗೊಂಬೆ ನೋಡಲು ಬಂದ ಹೆಂಗಸರು ಗೇಟಿನಲ್ಲಿ ನಿಂತರು. ಒಳಗೆ ಹೋಗಿ, ‘ಯಜಮಾನ್ರು ಜಪ ಮಾಡ್ತಿದಾರಾ?’ ಎಂದು ಪಿಸುಮಾತಿನಲ್ಲಿ ಕೇಳಿದರಂತೆ. ನವರಾತ್ರಿಯಲ್ಲವೇ, ಗೌರವವೇ ಇತ್ತು. ಹೆಂಡತಿ ಅದನ್ನು ಉಳಿಯಗೊಡಲಿಲ್ಲ.

ಎದುರುಮನೆಯಲ್ಲಿ ಜಾವಾ ರಾಯರಿದ್ದಾರೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತಲ್ಲ, ರಾಯರು ಅಲ್ಲಿ ಗಾಡಿ ಜೋಡಿಸುತ್ತಿದ್ದವರು. ಕಾರ್ಖಾನೆ ಹೋಯಿತು, ಅದರ ಹೆಸರು ಇವರ ಹೆಸರಿಗೆ ಅಂಟಿಕೊಂಡು ಉಳಿಯಿತು. ಮನೆಯಲ್ಲಿ ಇವತ್ತಿಗೂ ಒಂದು ಯೆಜ್ಡಿ ಇದೆ. ಭಾನುವಾರ ಬೆಳಗ್ಗೆ ಅದು ಬೀದಿಗಿಳಿದರೆ ಅಡುಗೆಮನೆಯ ಲೋಟಗಳು ಸಣ್ಣಗೆ ತಾಳ ಹಾಕುತ್ತವೆ. ಅಮಾವಾಸ್ಯೆಯ ಕಿರುಚಾಟದಿಂದ ಹಿಡಿದು ಎಲ್ಲವನ್ನೂ ಅವರು ತಮ್ಮ ಜಗಲಿಯಿಂದ ನೋಡುತ್ತಲೇ ಇದ್ದರು. ಕರೆಯದೆ ಬರುವ ಪೈಕಿಯಲ್ಲ. ಆಯುಧಪೂಜೆಗೆ ಎರಡು ದಿನ ಉಳಿದಾಗ ನಾನೇ ಹೋಗಿ ಕರೆದೆ.

ಬಂದವರು ಗಾಡಿ ಮುಟ್ಟಲೇ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ಸ್ವಲ್ಪ ಹೊತ್ತು ಕೇಳಿದರು.

‘ಓಡುವಾಗ ಏನೂ ತೊಂದ್ರೆ ಇಲ್ಲ, ಅಲ್ವಾ ಮೇಷ್ಟ್ರೇ?’

‘ಇಲ್ಲ ರಾಯರೇ.’

‘ಒಂದು ಸಲ ರೇಸ್ ಕೊಟ್ಟು ಬಿಡಿ.’ ಕೊಟ್ಟು ಬಿಟ್ಟೆ. ಸದ್ದು ತಕ್ಷಣ ಇಳಿಯಲಿಲ್ಲ. ಮೇಲೆಯೇ ಒಂದೆರಡು ಕ್ಷಣ ತೂಗಾಡಿ, ಆಮೇಲೆ ದಡಕ್ಕನೆ ಬಿದ್ದು ಗೊಟಕ್ ಎಂದಿತು.

‘ಗಾಳಿ ಕುಡೀತಿದೆ’ ಎಂದರು ರಾಯರು.

‘ಗಾಳಿ ಕುಡಿಯೋದೇ ಅಲ್ವಾ ಅದರ ಕೆಲಸ? ವೆಂಚುರಿಯಲ್ಲಿ ಗಾಳಿಯ ವೇಗ ಹೆಚ್ಚಿದಾಗ...’

‘ಸ್ಲೋನಲ್ಲಿ ಸ್ಲೈಡು ಮುಚ್ಚಿರುತ್ತಲ್ಲ ಸ್ವಾಮಿ. ಅಲ್ಲಿ ಗಾಳಿ ಎಲ್ಲಿ ಓಡುತ್ತೆ?’

ನಾನು ಬಾಯಿ ಮುಚ್ಚಿದೆ. ಎಂಥ ಸರಳ ಮಾತು! ರೇಸ್ ಬಿಟ್ಟಾಗ ಆ ಸೊಂಟದ ಬಾಗಿಲು ಬಹುತೇಕ ಮುಚ್ಚಿಯೇ ಇರುತ್ತದೆ. ನನ್ನ ಬರ್ನೌಲಿ, ನನ್ನ ಕಾಗದದ ಪಟ್ಟಿ, ನನ್ನ ಹದಿನೆಂಟು ವರ್ಷ ಎಲ್ಲವೂ ದೊಡ್ಡ ಜೆಟ್ಟಿನ ವಿಷಯ. ಸ್ಲೋನಲ್ಲಿ ಬರ್ನೌಲಿಗೆ ರಜೆ. ಆಗ ಇಂಜಿನ್ನು ಮುಚ್ಚಿದ ಬಾಗಿಲ ಹಿಂದಿನಿಂದ ಜೋರಾಗಿ ಎಳೆಯುತ್ತದೆ, ಆ ಎಳೆತಕ್ಕೆ ಪಕ್ಕದ ಸಣ್ಣ ದಾರಿಯಿಂದ ಒಂದಿಷ್ಟು ಪೆಟ್ರೋಲು, ಒಂದಿಷ್ಟು ಗಾಳಿ ಬರುತ್ತದೆ. ಬಾಗಿಲ ಹಿಂದೆ ಇನ್ನೆಲ್ಲಾದರೂ ಬಿರುಕಿದ್ದರೆ ಅಲ್ಲಿಂದಲೂ ಗಾಳಿ ನುಗ್ಗುತ್ತದೆ. ಮನೆಯ ಸಾರಿನ ಪಾತ್ರೆಗೆ ಒಂದು ಲೋಟ ನೀರು ಹೆಚ್ಚಾಗಿ ಬಿದ್ದರೆ ಸಾರು ಕೆಟ್ಟಿತು. ಮದುವೆಮನೆಯ ಕೊಪ್ಪರಿಗೆಗೆ ಅದೇ ಲೋಟ ಬಿದ್ದರೆ ಅಡುಗೆಭಟ್ಟರು ತಿರುಗಿಯೂ ನೋಡುವುದಿಲ್ಲ. ರಿಂಗ್ ರೋಡಿನಲ್ಲಿ ಕೊಪ್ಪರಿಗೆ, ರಾಮಸ್ವಾಮಿ ಸರ್ಕಲ್ಲಿನಲ್ಲಿ ಪಾತ್ರೆ. ನಾನು ಇಷ್ಟು ದಿನ ಉಪ್ಪು, ಹುಳಿ ತಿದ್ದುತ್ತಾ ಕೂತಿದ್ದೆ.

‘ಹೂವಿಗೆ ನೀರು ಚಿಮುಕಿಸೋ ಬಾಟ್ಲಿ ಇದ್ಯಾ?’ ಎಂದರು ರಾಯರು. ಹೆಂಡತಿ ತಂದುಕೊಟ್ಟಳು. ಸ್ಲೋ ಏರಿಸಿ ಗಾಡಿ ನಿಲ್ಲಿಸಿಕೊಂಡು, ಕಾರ್ಬುರೇಟರು ಇಂಜಿನ್ನಿಗೆ ಸೇರುವ ಕಡೆ ಒಂದು ಸಲ ಚಿಸ್ ಎಂದು ನೀರು ಹೊಡೆದರು. ಡುಗುಡುಗು ಎಂದು ಎಡವುತ್ತಿದ್ದ ಸದ್ದು ತಟ್ಟನೆ ಬದಲಾಯಿತು. ಸಂದಿನಲ್ಲಿ ನೀರು ನಿಂತು ಗಾಳಿಗೆ ಅಡ್ಡವಾದ ಒಂದೆರಡು ಉಸಿರಿನಷ್ಟು ಹೊತ್ತು ಗಾಡಿ ಸಣ್ಣಗೆ, ಒಂದೇ ಸಮನೆ, ನಾನು ಎರಡು ತಿಂಗಳಿಂದ ಕೇಳದ ದನಿಯಲ್ಲಿ ಹಾಡಿತು. ನೀರು ಒಳಗೆ ಎಳೆದುಹೋದ ಮೇಲೆ ಮತ್ತೆ ಕೆಮ್ಮು. ಇನ್ನೊಂದು ಸಲ ಚಿಸ್. ಇನ್ನೊಂದು ಸಲ ಹಾಡು. ಮಗಳು ಬಾಟ್ಲಿಗಾಗಿ ಕೈ ಚಾಚಿದಳು.

ಬಿಚ್ಚಿದೆವು. ಅಂದರೆ ರಾಯರು ಬಿಚ್ಚಿದರು, ನಾನು ಸ್ಪ್ಯಾನರ್ ಹಿಡಿದುಕೊಂಡಿದ್ದೆ. ಕಾರ್ಬುರೇಟರಿನ ಮುಖದಲ್ಲಿ ದುಂಡಗೆ ಒಂದು ಕಾಲುವೆ ಕೊರೆದಿತ್ತು. ರಾಯರು ಅದರ ಮೇಲೆ ಬೆರಳಾಡಿಸಿದರು.

‘ಇಲ್ಲಿ ಒಂದು ಓ ರಿಂಗ್ ಇತ್ತಲ್ಲ, ಎಲ್ಲಿ ಮೇಷ್ಟ್ರೇ?’

ಪೇಪರಿನ ಮೇಲೆ ಒಂದು ಸಾಮಾನೂ ಉಳಿಯದೆ ಇದ್ದದ್ದು ಏಕೆ ಎಂದು ನನಗೆ ಈಗ ಹೊಳೆಯಿತು.

ವರಾಂಡ ಗುಡಿಸಿದೆವು. ಚಪ್ಪಲಿ ಸ್ಟ್ಯಾಂಡು ಎತ್ತಿದೆವು. ರಂಗೋಲಿ ಡಬ್ಬಿಯಲ್ಲಿ ಕೈಯಾಡಿಸಿದೆವು. ಹೆಂಡತಿ ಕುಕ್ಕರಿನ ವೆಯಿಟ್ಟು ಇಡುವ ಡಬ್ಬ ಕೂಡ ಬೋರಲು ಹಾಕಿದಳು, ಕಪ್ಪಗೆ ದುಂಡಗಿರುವುದೆಲ್ಲ ಅಲ್ಲಿಗೇ ಸೇರುತ್ತದೆಂದು. ಸಿಗಲಿಲ್ಲ. ಸೋತು ಹಾಲಿಗೆ ಬಂದು ಕೂತೆ. ರಾಯರಿಗೆ ಹೆಂಡತಿ ಕಾಫಿ, ಗೊಂಬೆ ಬಾಗಿನದ ಚಕ್ಕುಲಿ ಕೊಟ್ಟಳು. ರಾಯರು ಚಕ್ಕುಲಿ ಮುರಿಯುತ್ತಾ ಗೊಂಬೆಗಳ ಕಡೆ ನೋಡಿದರು. ಮುರಿದ ಚಕ್ಕುಲಿ ಬಾಯಿಗೆ ಹೋಗಲಿಲ್ಲ.

‘ಮೇಷ್ಟ್ರೇ, ನಿಮ್ಮ ರಾಜರಿಗೆ ಕಿರೀಟ ಹೊಸದಾ?’

ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು. ಅಮ್ಮನ ಮದುವೆಯಲ್ಲಿ ತವರಿನಿಂದ ಬಂದ ಮರದ ರಾಜ ರಾಣಿ. ರಾಜನ ಪೇಟದ ನೆತ್ತಿಗೆ, ಜರಿ ಅಂಚಿಗೂ ಮೇಲೆ, ಒಂದು ಕಪ್ಪು ರಬ್ಬರಿನ ಬಳೆ ಬಿಗಿಯಾಗಿ ಕೂತು ಮಿರಿಮಿರಿ ಮಿಂಚುತ್ತಿತ್ತು. ಪಾಡ್ಯದಿಂದ ಅದಕ್ಕೆ ದಿನಾ ಎರಡು ಹೊತ್ತು ಆರತಿಯಾಗಿದೆ. ಬಂದ ಹೆಂಗಸರೆಲ್ಲ ಅದಕ್ಕೆ ಅಕ್ಷತೆ ಹಾಕಿದ್ದಾರೆ. ನಾನೂ ದಿನಾ ಬೆಳಗ್ಗೆ, ಈ ಗಾಡಿ ಸರಿಯಾಗಲಪ್ಪ ಎಂದು, ಅದರ ಮುಂದೆಯೇ ಕೈ ಮುಗಿದಿದ್ದೇನೆ.

‘ರಾಜನಿಗೆ ಕಿರೀಟ ಇರ್ಲಿಲ್ಲ ಅಪ್ಪ. ನೀನು ಪೇಪರ್ ಮೇಲೆ ಬಿಸಾಕಿದ್ದೆ’ ಎಂದಳು ಮಗಳು.

ನಾನು ಎದ್ದು ಕೈ ಚಾಚಿದೆ. ‘ಮುಟ್ಟಬೇಡ!’ ಎಂದರು ಅಮ್ಮ. ಅಮಾವಾಸ್ಯೆಯ ದಿನ ಬಂದದ್ದಕ್ಕಿಂತ ಎರಡು ಪಟ್ಟು ದನಿ. ‘ಪಟ್ಟಕ್ಕೆ ಕೂತ ಮೇಲೆ ವಿಜಯದಶಮಿ ರಾತ್ರಿ ಮಲಗಿಸೋವರೆಗೂ ರಾಜನ ಮೈಮೇಲಿಂದ ಒಂದು ಒಡವೆ ತೆಗೆಯೋ ಹಾಗಿಲ್ಲ.’

‘ಅಮ್ಮಾ, ಅದು ಒಡವೆ ಅಲ್ಲ, ಕಾರ್ಬುರೇಟರಿನ...’

‘ಅರಿಶಿನ ಕುಂಕುಮ ಬಿದ್ದಿದೆ. ಇನ್ನು ಅದು ಒಡವೇನೇ.’

ರಾಯರು ಕುರ್ಚಿಯಿಂದಲೇ ಕತ್ತು ಚಾಚಿ ರಾಜನ ತಲೆಯನ್ನು ಪರೀಕ್ಷಿಸಿದರು. ಅಮ್ಮನ ಅಪ್ಪಣೆ ಪಡೆದು, ಮುಟ್ಟದೆ, ಹತ್ತಿರ ಹೋಗಿ ಟಾರ್ಚ್ ಬಿಟ್ಟು ನೋಡಿದರು. ‘ಇದ್ರೂ ಪ್ರಯೋಜನ ಇಲ್ಲ ಬಿಡಿ. ರಿಂಗು ಅಂದ್ರೆ ದುಂಡಗೆ ಉಬ್ಬಿರ್ಬೇಕು. ಇದು ಶಾಖ ತಿಂದು ತಿಂದು ಗಟ್ಟಿಯಾಗಿ ಚಪ್ಪಟೆಯಾಗಿದೆ. ಮೊದ್ಲಿಂದ ಗಾಳಿ ಬಿಡ್ತಾ ಇದ್ದದ್ದೂ ಇಲ್ಲೇ.’

ಅಂದರೆ ಕಾಯಿಲೆಯ ಮೂಲವೇ ಅದು. ಅದನ್ನು ಕೈಯಲ್ಲಿ ಹಿಡಿದು, ನೋಡದೆ ಪಕ್ಕಕ್ಕೆ ಎಸೆದು, ಅದರ ಸುತ್ತ ಇದ್ದ ಎಲ್ಲವನ್ನೂ ನಾನು ಉಜ್ಜಿ ಉಜ್ಜಿ ತೊಳೆದಿದ್ದೆ. ಮಗಳು ಅದನ್ನು ಗುರುತಿಸಿ ಯೋಗ್ಯ ಸ್ಥಾನಕ್ಕೆ ಏರಿಸಿದ್ದಳು.

ರಾಯರು ವಾಪಸ್ ವರಾಂಡಕ್ಕೆ ಬಂದವರು ಸಣ್ಣ ಜೆಟ್ಟನ್ನೂ ಬಿಚ್ಚಿ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

‘ಸೂಜಿ ಹಾಕಿದ್ರಾ?’

‘ಇಲ್ಲ ರಾಯರೇ.’ ಸುಳ್ಳು ಹೇಳಲಾಗಲಿಲ್ಲ. ‘ಪಿನ್ನು.’

ಅವರು ಏನೂ ಹೇಳಲಿಲ್ಲ. ಜೆಟ್ಟಿನ ತೂತು ಪಿನ್ನಿನ ಬಾಯಿಗೆ ಸಿಕ್ಕಿ ಅಗಲವಾಗಿತ್ತಂತೆ. ಇದನ್ನು ಗಾಳಿಯಿಂದ ಊದಿಸಬೇಕು, ಹೆಚ್ಚೆಂದರೆ ವೈರಿನೊಳಗಿನ ತಾಮ್ರದ ಒಂದೇ ಒಂದು ಎಳೆ ತೂರಿಸಬಹುದು, ಉಕ್ಕು ತೋರಿಸಲೂ ಬಾರದು. ಈಗ ಅಗಲವಾದ ತೂತಿನಿಂದ ಹೆಚ್ಚು ಪೆಟ್ರೋಲು, ಇಲ್ಲದ ರಿಂಗಿನ ಸಂದಿನಿಂದ ಹೆಚ್ಚು ಗಾಳಿ. ನನ್ನ ಎರಡು ತಪ್ಪುಗಳು ಪರಸ್ಪರ ಅರ್ಧ ಅರ್ಧ ತಿದ್ದಿಕೊಂಡು ಗಾಡಿಯನ್ನು ಹೇಗೋ ಎಂಟು ದಿನ ಜೀವದಿಂದ ಇಟ್ಟಿದ್ದವು. ‘ಒಂದೇ ತಪ್ಪು ಮಾಡಿದ್ರೆ ಪೂರ್ತಿ ನಿಂತುಹೋಗಿರೋದು’ ಎಂದರು ರಾಯರು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ. ಹೊರಡುವಾಗ ಗೇಟಿನಲ್ಲಿ ನಿಂತು ಮಾತ್ರ ಒಂದು ಮಾತು ಸೇರಿಸಿದರು. ‘ನಮ್ಮ ಯೆಜ್ಡೀಲಿ ಕಿಕ್ಕರೂ ಗೇರೂ ಒಂದೇ ಲಿವರು ಮೇಷ್ಟ್ರೇ. ಅದನ್ನ ನಿಮ್ಮ ಕೈಗೆ ಕೊಡಲ್ಲ.’

ಮಾರನೆಯ ದಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಜನಜಂಗುಳಿಯಲ್ಲಿ ಮುಕ್ಕಾಲು ಗಂಟೆ ನಿಂತು ಒಂದು ರಿಂಗು, ಒಂದು ಜೆಟ್ಟು ತಂದೆ. ಎರಡೂ ಸೇರಿ ಎರಡೂವರೆ ಮಾರು ಸೇವಂತಿಗೆಗಿಂತ ಕಡಿಮೆ ಆಯಿತು. ರಾಯರು ಕೂರಿಸಿದರು. ಏರ್ ಸ್ಕ್ರೂವನ್ನು ಮೆಲ್ಲಗೆ ತಳಮುಟ್ಟಿಸಿ, ಒಂದೂವರೆ ಸುತ್ತು ಹೊರಗೆ ತಂದು, ಅಲ್ಲಿಂದ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಮಾಡಿ, ದನಿ ಎಲ್ಲಿ ತುಂಬಿ ಬಂತೋ ಅಲ್ಲಿಗೆ ಬಿಟ್ಟರು. ನಾನು ವಾರವಿಡೀ ಏರಿಸಿದ್ದ ಸ್ಲೋ ಸ್ಕ್ರೂವನ್ನು ಸುತ್ತು ಸುತ್ತಾಗಿ ಇಳಿಸಿದರು. ವಾಚು ನೋಡಲಿಲ್ಲ, ಎಣಿಸಲಿಲ್ಲ. ಗಾಡಿ ನಿಂತಲ್ಲೇ ನಿಂತು ಡುಗುಡುಗುಡುಗು ಎನ್ನುತ್ತಿತ್ತು. ರಾತ್ರಿ ಊಟ ಮಾಡುವಾಗ ಕೂಡ ನನಗೆ ಅದೇ ಸದ್ದು ಕೇಳುತ್ತಿತ್ತು.

ಆಯುಧಪೂಜೆಯ ದಿನ ಗಾಡಿಗೆ ಅಭ್ಯಂಜನ. ಕಾರ್ಬುರೇಟರಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಕವರ್ ಕಟ್ಟಿ, ಪೈಪು ಬಿಡದೆ ಚೊಂಬಿನಲ್ಲೇ ತೊಳೆದೆ. ವಿಭೂತಿ ಪಟ್ಟೆ, ಅರಿಶಿನ, ಕುಂಕುಮ, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ. ರಿಪೇರಿಯ ಋಣಕ್ಕೆಂದು ಸ್ಪ್ಯಾನರುಗಳನ್ನೂ ಮಣೆಯ ಮೇಲಿಟ್ಟು ಹೂವೇರಿಸಿದೆ, ಪಕ್ಕದಲ್ಲಿ ಆ ಪಿನ್ನನ್ನೂ. ‘ಪೆಟ್ರೋಲ್ ವಾಸನೆ ಬರ್ತಿದೆಯಲ್ಲೋ, ಇಲ್ಲೇ ದೀಪ ಹಚ್ಚಬೇಕು, ಏನಿದ್ಯೋ ಅದನ್ನ ಭದ್ರವಾಗಿ ಮುಚ್ಚು’ ಎಂದರು ಅಮ್ಮ. ಎಲ್ಲ ಭದ್ರ ಮಾಡಿದೆ. ಮಂಗಳಾರತಿಯಾಯಿತು. ಕುಂಕುಮ ತುಂಬಿದ ಬೂದುಗುಂಬಳ ರಸ್ತೆಗೆ ಬಿದ್ದು ಹೋಳಾಯಿತು. ಎರಡು ಚಕ್ರದ ಮುಂದೂ ಒಂದೊಂದು ನಿಂಬೆಹಣ್ಣು ಇಟ್ಟಾಯಿತು. ರಾಯರು ಬಿಳಿ ಪಂಚೆಯುಟ್ಟು ಬಂದು ನಿಂತರು. ಅಕ್ಕಪಕ್ಕದ ಮನೆಯವರೆಲ್ಲ ಗೇಟಿಗೆ ಬಂದರು. ಅಮಾವಾಸ್ಯೆಯ ಕಿರುಚಾಟ ಕೇಳಿದವರಿಗೆ ಇದರ ಕೊನೆಯೂ ನೋಡಬೇಕೆಂದು ಆಸೆಯಿರುವುದು ಸಹಜ.

ಒದ್ದೆ. ಮೊದಲ ಒದೆತಕ್ಕೇ ಸ್ಟಾರ್ಟು. ರೇಸ್ ಬಿಟ್ಟೆ. ಡುಗುಡುಗುಡುಗು.

ನಾನು ಹೊರಡಲಿಲ್ಲ. ಕೇಳಲಿ ಎಲ್ಲರೂ ಎಂದು ಎರಡೂ ಕೈ ಹ್ಯಾಂಡಲ್ಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಂದು ನಿಮಿಷ. ಎರಡು ನಿಮಿಷ. ‘ರಾಮಸ್ವಾಮಿ ಸರ್ಕಲ್ಲಿನ ಸಿಗ್ನಲ್ಲು ಇದಕ್ಕಿಂತ ಉದ್ದ ಇಲ್ಲ, ನೋಡಿ’ ಎಂದು ಪಕ್ಕದ ಮನೆಯವರಿಗೆ ಹೇಳಿದೆ. ಅವರು ತಲೆಯಾಡಿಸಿದರು. ಇಂಜಿನ್ನು ಸೊಂಟದ ಬಾಗಿಲು ಮುಚ್ಚಿದ್ದಾಗ ಹೇಗೆ ಬೇರೆ ದಾರಿಯಿಂದ ಉಸಿರಾಡುತ್ತದೆ, ಸಾರಿನ ಪಾತ್ರೆಗೂ ಕೊಪ್ಪರಿಗೆಗೂ ಏನು ಸಂಬಂಧ ಎಂದು ಅವರಿಗೆ ಸ್ವಲ್ಪ ವಿವರಿಸಿದೆ. ‘ಹೊತ್ತಾಗ್ತಿದೆ ರೀ’ ಎಂದಳು ಹೆಂಡತಿ. ಕ್ಲಚ್ ಹಿಡಿದು ಗೇರ್ ಹಾಕಿದೆ. ಗುದ್ದಿಲ್ಲ, ಬೆಣ್ಣೆಯ ಹಾಗೆ ಬಿತ್ತು. ಮೆಲ್ಲಗೆ ಬಿಟ್ಟೆ. ಮುಂದಿನ ಚಕ್ರದ ನಿಂಬೆಹಣ್ಣು ಪಚ್ ಎಂದಿತು. ಮಗಳು ಚಪ್ಪಾಳೆ ತಟ್ಟಿದಳು. ಹಿಂದಿನ ಚಕ್ರ ತನ್ನ ನಿಂಬೆಹಣ್ಣಿಗೆ ಏರಿತು.

ಡುಗುಡುಗು. ಡುಗ್. ಗೊಟಕ್.

ಒಂದೂ ಮನೆಯ ಗೇಟಿನಲ್ಲಿ ಸದ್ದಿಲ್ಲ. ಕಿಕ್ಕರ್ ಒದ್ದೆ. ಇನ್ನೊಮ್ಮೆ ಒದ್ದೆ. ಹಾರದ ಚೆಂಡುಹೂವು ಎರಡು ಉದುರಿದವು. ರಿಂಗು, ಜೆಟ್ಟು, ಸ್ಲೈಡು, ಸ್ಕ್ರೂ ಎಲ್ಲ ಒಂದೊಂದಾಗಿ ನನ್ನ ಕಣ್ಣ ಮುಂದೆ ಬಂದು ನಿಂತವು.

ರಾಯರು ಪಂಚೆ ಸ್ವಲ್ಪ ಎತ್ತಿ ಹಿಡಿದು ಪಕ್ಕಕ್ಕೆ ಬಂದರು. ಬಗ್ಗಿ, ಟ್ಯಾಂಕಿನ ಕೆಳಗೆ ಕೈ ಹಾಕಿ, ನಾನು ಭದ್ರವಾಗಿ ಮುಚ್ಚಿಟ್ಟಿದ್ದ ಪೆಟ್ರೋಲ್ ಕಾಕನ್ನು ಎರಡು ಬೆರಳಲ್ಲಿ ತಿರುಗಿಸಿದರು. ನೆಟ್ಟಗಾಗಿ, ಬೆರಳಿಗೆ ಅಂಟಿದ ಕುಂಕುಮವನ್ನು ಒಮ್ಮೆ ನೋಡಿ ಹಣೆಗಿಟ್ಟುಕೊಂಡರು.

‘ಈಗ ಒದೀರಿ ಮೇಷ್ಟ್ರೇ.’